ಸಿಡಿಬೆಳ್ಳಿ: ಹವ್ಯಾಸಿಗಳ ಸ್ಫೋಟಪ್ರಯೋಗಗಳೂ ರಸಾಯನಶಾಸ್ತ್ರದ ಒಂದು ತತ್ತ್ವವೂ

೧

ಯೂರೋಪಿನ ರಸಾಯನಶಾಸ್ತ್ರದ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಯೂಸ್ಟುಸ್ ಲೀಬಿಗನ ಬಾಲ್ಯಕ್ಕೆ ಸಂಬಂಧಿಸಿದ ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. ಹದಿನಾಲ್ಕು ಹದಿನೈದು ವರ್ಷದ ಹುಡುಗನಾಗಿದ್ದಾಗ ಅವನು ಹೆಪ್ಪೆನ್‌ಹೈಮ್ ಎಂಬ ಊರಿನ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ನಿಂತನಂತೆ. ಬಿಡುವಿನ ವೇಳೆಯಲ್ಲಿ ಅಟ್ಟದ ಮೇಲಿನ ತನ್ನ ಕೊಠಡಿಯಲ್ಲಿ ಸಿಡಿಯುವ ಪುಡಿಯೊಂದನ್ನು ಮಾಡುತ್ತಿರಲು ಅದು ಸಿಡಿದು ಮನೆಗೆ ಹಾನಿಯಾಯಿತಂತೆ. ಅಂಗಡಿಯ ಯಜಮಾನನು ಹುಡುಗನನ್ನು ತಂದೆಯ ಬಳಿಗೆ ಅಟ್ಟಿಬಿಟ್ಟನಂತೆ. ಅದೇ ಹುಡುಗನು ಮುಂದೆ ತನ್ನ ಕಾಲದ ರಸಾಯನಜ್ಞರಲ್ಲಿ ಅಗ್ರಗಣ್ಯನಾದನೆಂಬುದು ಕಥೆಯ ಮುಕ್ತಾಯ.

ಕಥೆಯು ಸ್ವಾರಸ್ಯವಾಗಿದೆ. ಆದರೆ ಅದನ್ನು ಕೇಳಿದವರ ಮನಸ್ಸಿನಲ್ಲಿ ಎರಡು ಅಭಿಪ್ರಾಯಗಳು ನೆಲೆಗೊಳ್ಳುವ ಸಂಭವವಿದೆ. ದುಡುಕೇ ಪ್ರತಿಭೆಯ ಲಕ್ಷಣವೆಂಬುದು ಮೊದಲನೆಯದು. ಸಿಡಿತದ ಆಟವೇ ತಾನಾಗಿ ಬೆಳೆದು ಶಾಸ್ತ್ರವಾಯಿತೆಂಬುದು ಎರಡನೆಯದು. ಇವೆರಡೂ ನಿಜವಲ್ಲವೆಂದು ನಮಗೆ ತೋರುತ್ತದೆ. ಲೀಬಿಗನ ಕೈಯಲ್ಲಿದ್ದ ಆ ಪುಡಿಗೆ ಅವನಿಗಿಂತ ಹಿಂದೆಯೇ ಒಂದು ಚರಿತ್ರೆಯಿತ್ತು. ಅದನ್ನು ಮುಟ್ಟಿದವರು ಹಲವರು. ಅವರಲ್ಲಿ ಗಾಯಗೊಂಡವರೂ ಕೆಲವರು. ಅದರಿಂದ ಶಾಸ್ತ್ರಕ್ಕೆ ಒಂದು ಹೊಸ ತತ್ತ್ವವು ದೊರೆತದ್ದಾದರೋ ಅದನ್ನು ಸಿಡಿಸಿದಾಗ ಅಲ್ಲ, ಸಿಡಿಯದಂತೆ ತಡೆದು ತೂಗಿದಾಗ. ಈ ಸಂಗತಿಯನ್ನು ಆಧಾರಸಹಿತವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರವಾಗಿ ಒಂದು ಮಾತು. ಫಲ್ಮಿನೇಟುಗಳೆಂದು ಈಗ ಕರೆಯಲ್ಪಡುವ ಈ ದ್ರವ್ಯಗಳಲ್ಲಿ ಬೆಳ್ಳಿಯಿಂದಾದುದನ್ನು ಜರ್ಮನರು ತಮ್ಮ ಭಾಷೆಯಲ್ಲಿ ಸಿಡಿಬೆಳ್ಳಿ ಎಂಬರ್ಥದ ಹೆಸರಿನಿಂದ ಕರೆದರು. ಆ ಹೆಸರು ಕನ್ನಡದ ಜಾಯಮಾನಕ್ಕೆ ಒಪ್ಪುವುದರಿಂದ ಇಲ್ಲಿಯೂ ಅದನ್ನೇ ಬಳಸಿದೆ. ಪಾದರಸದಿಂದಾದುದನ್ನು ಸಿಡಿಪಾದರಸವೆಂದು ಹೇಳಿದೆ. ಇವನ್ನು ಮಾಡುವ ಕ್ರಮವು ಈ ಲೇಖನದ ವಿಷಯವಲ್ಲ. ಚರಿತ್ರೆಯನ್ನು ತಿಳಿಯಲು ಅದು ಬೇಕಾದುದೂ ಅಲ್ಲ.

೨

ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಇಂಗ್ಲೆಂಡಿನಲ್ಲಾಗಲಿ ಜರ್ಮನಿಯಲ್ಲಾಗಲಿ ರಸಾಯನಶಾಸ್ತ್ರವನ್ನೇ ವೃತ್ತಿಯಾಗಿ ಉಳ್ಳವರು ವಿರಳವಾಗಿದ್ದರು. ಔಷಧ ಮಾರುವವರು, ವೈದ್ಯರು, ಗಣಿಗಳ ಅಧಿಕಾರಿಗಳು, ಪಾದ್ರಿಗಳು, ಅನುಕೂಲಸ್ಥರಾದ ಗೃಹಸ್ಥರು, ಇಂಥವರು ತಮ್ಮ ತಮ್ಮ ಮನೆಗಳಲ್ಲಿ ಒಲೆ ಮೂಸೆಗಳನ್ನಿಟ್ಟುಕೊಂಡು ನಡೆಸಿದ ಪ್ರಯೋಗಗಳಿಂದಲೇ ಆ ಶಾಸ್ತ್ರದ ಬಹುಭಾಗವು ಬೆಳೆಯಿತು. ಇವರನ್ನು ಹವ್ಯಾಸಿಗಳೆಂದು ಕರೆಯುವುದು ನ್ಯಾಯವೇ ಸರಿ. ಆದರೆ ಆ ಮಾತಿಗೆ ಅಂದು ಕೀಳರ್ಥವಿರಲಿಲ್ಲ.

ಎಡ್ವರ್ಡ್ ಹೋವರ್ಡ್ ಎಂಬುವನು ಅಂಥವರಲ್ಲೊಬ್ಬನು. ಅವನು ೧೭೭೪ರಲ್ಲಿ ಹುಟ್ಟಿದವನು. ನಾರ್ಫೋಕಿನ ಡ್ಯೂಕ್ ಪದವಿಯು ಮುಂದೆ ಅವನ ಅಣ್ಣನಿಗೆ ಬಂದಿತೆಂದರೆ ಅವನ ಮನೆತನವು ಎಂಥದೆಂಬುದು ತಿಳಿಯುವುದು. ೧೮೦೦ನೆಯ ಇಸವಿಯಲ್ಲಿ ಅವನು ಸಿಡಿಪಾದರಸವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ನಿಬಂಧವನ್ನು ಒಪ್ಪಿಸಿದನು. ಅದೇ ವರ್ಷ ಆ ಸಂಸ್ಥೆಯ ಕಾಪ್ಲಿ ಪದಕವೂ ಅವನಿಗೆ ದೊರೆಯಿತು. ಕೋವಿಮದ್ದಿಗೆ ಬದಲಾಗಿ ಈ ಹೊಸ ದ್ರವ್ಯವನ್ನು ಉಪಯೋಗಿಸಬಹುದೇ ಎಂದು ಪರೀಕ್ಷಿಸಿ ನೋಡಲು ಕೋವಿಯ ನಳಿಗೆಯೇ ಒಡೆಯಿತು. ಕೋವಿಮದ್ದು ಉರಿದು ಗುಂಡನ್ನು ತಳ್ಳುತ್ತದೆ. ಇದಾದರೋ ತಳ್ಳುವುದಕ್ಕೆ ಅವಕಾಶವನ್ನೇ ಕೊಡದೆ ತನ್ನನ್ನು ಹಿಡಿದಿರುವ ಪಾತ್ರೆಯನ್ನು ಚೂರುಮಾಡುತ್ತದೆ. ಇಬ್ಬಗೆಯ ಸಿಡಿತಗಳಿಗಿರುವ ಈ ಭೇದವನ್ನು ಹೋವರ್ಡನು ತನ್ನ ಮೈಮೇಲಿನ ಗಾಯಗಳಿಂದಲೂ ಅರಿತನು. ನಿಬಂಧದ ಕೊನೆಯಲ್ಲಿ ಅವನು, ಇನ್ನು ಮುಂದೆ ರಸಾಯನಶಾಸ್ತ್ರದ ಬೇರೆ ವಿಷಯಗಳ ಕಡೆಗೆ ತನ್ನ ಮನಸ್ಸು ಹೆಚ್ಚಾಗಿ ಒಲಿಯುತ್ತದೆಂದು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ.

ಒಲಿದ ಬೇರೆ ವಿಷಯಗಳಲ್ಲಿ ಒಂದು ನಮ್ಮ ದೇಶಕ್ಕೆ ಸಂಬಂಧಿಸಿದುದು. ೧೭೯೮ರ ಡಿಸೆಂಬರಿನಲ್ಲಿ ಕಾಶಿಯ ಸಮೀಪದಲ್ಲಿ ಆಕಾಶದಿಂದ ಕಲ್ಲುಗಳು ಬಿದ್ದುವು. ಅವನ್ನೂ ಬೇರೆಡೆ ಬಿದ್ದ ಅಂಥ ಕಲ್ಲುಗಳನ್ನೂ ಹೋವರ್ಡನು ಒಡೆದು, ಕರಗಿಸಿ, ಭಾಗ ಭಾಗವಾಗಿ ಪರೀಕ್ಷಿಸಿ, ಅವುಗಳ ಲೋಹಾಂಶದಲ್ಲಿ ಕಬ್ಬಿಣದೊಡನೆ ನಿಕ್ಕಲ್ ಇರುವುದನ್ನು ೧೮೦೨ರಲ್ಲಿ ಪ್ರಕಟಿಸಿದನು. ಆಕಾಶದಿಂದ ಕಲ್ಲು ಬೀಳುವುದೆಂಬ ಮಾತನ್ನು ವಿದ್ವಾಂಸರು ನಂಬತೊಡಗಿದುದಕ್ಕೆ ಈ ಪರೀಕ್ಷೆಯು ಒಂದು ಮುಖ್ಯಕಾರಣವಾಯಿತು. ಬಳಿಕ ಅವನು ಸಕ್ಕರೆಯನ್ನು ಶುದ್ಧಿಮಾಡುವ ಕೈಗಾರಿಕೆಗೆ ತಿರುಗಿ, ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ಕಡಮೆ ಶಾಖದಿಂದ ಪಾಕವನ್ನು ಬತ್ತಿಸುವ ವಿಧಾನವನ್ನು ಕಂಡುಹಿಡಿದನು. ಸಿಡಿಪಾದರಸವನ್ನು ಬಿಟ್ಟ ಮೇಲೆ ಅವನ ಕೀರ್ತಿಗೆ ಕುಂದು ಬರಲಿಲ್ಲವೆಂಬುದನ್ನು ಗಮನಿಸಬೇಕು.

ಸಿಡಿಬೆಳ್ಳಿಯು ಇಟಲಿಯ ಪಾವಿಯಾ ನಗರದ ಬ್ರುಗ್ನಾತೆಲ್ಲಿ ಎಂಬ ವಿದ್ವಾಂಸನ ಹೆಸರಿನೊಡನೆ ಸೇರಿಕೊಂಡಿದೆ. ಅದು ಸಿಡಿಪಾದರಸಕ್ಕಿಂತಲೂ ಚಂಚಲವಾದುದು. ಅದು ಸಿಡಿಯುವುದಕ್ಕೆ ಅಲ್ಪವಾದ ಒತ್ತಡವೂ ತಿಕ್ಕಾಟವೂ ಸಾಕು. ಹೀಗಿದ್ದರೂ, ಅಥವಾ ಹೀಗಿದ್ದುದರಿಂದಲೇ, ಅದು ವಿದ್ವಾಂಸರ ಕೈಯಿಂದ ಸಂತೆಯ ವರ್ತಕರ ಕೈಗೆ ಬಹು ಬೇಗ ಇಳಿಯಿತು. ಕಣದಷ್ಟು ಪುಡಿಯನ್ನು ಒಳಗಿಟ್ಟ ಆಟದ ಸಾಮಾನುಗಳನ್ನು ಜಾತ್ರೆಗಳಲ್ಲಿ ಮಾರುವವರು ಹುಟ್ಟಿಕೊಂಡರು. ದೀಪಾವಳಿಯ ದಿನಗಳಲ್ಲಿ ನಮ್ಮ ಮಕ್ಕಳು ನೆಲಕ್ಕೆ ಎಸೆದು ಸಿಡಿಸುವ ಪಟಾಕಿಗಳನ್ನು ಬಲ್ಲವರಿಗೆ ಆ ಆಟಿಕೆಗಳ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

೩

ಹೋವರ್ಡನು ಬಿಟ್ಟ ಮಾರ್ಗವನ್ನು ಹಿಡಿದು ಮುಂದುವರಿದವನು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಅಬರ್ಡೀನ್ ಪ್ರಾಂತದ ಬೆಲ್‌ಹೆಲ್ವಿ ಎಂಬ ಗ್ರಾಮದ ದೇವಾಲಯದಲ್ಲಿ ಅಲೆಗ್ಸಾಂಡರ್ ಫೋರ್ಸೈತನು ಧರ್ಮೋಪದೇಶಕನಾಗಿದ್ದನು. ಬಿಡುವಾದಾಗ ನೀರುಹಕ್ಕಿಗಳ ಬೇಟೆ, ಕಮ್ಮಾರಕೆಲಸ, ರಸಾಯನಪ್ರಯೋಗ, ಈ ಮೂರೂ ಅವನಿಗೆ ಪ್ರಿಯವಾಗಿದ್ದುವು. ಆ ಕಾಲದ ಕೋವಿಯಲ್ಲಿ ಚಕಮಕಿ ಕಲ್ಲಿನ ಕಿಡಿಯು ಹೊರಗಿನ ಮದ್ದಿಗೆ ತಾಕಿ, ಅಲ್ಲಿ ಭುಗಿಲೆಂದು ಉರಿ ಎದ್ದು, ಆಮೇಲೆ ಒಳಗಿನ ಮದ್ದು ಹೊತ್ತಬೇಕಾಗಿದ್ದಿತು. ಹೊರಗಿನ ಉರಿಯನ್ನು ಕಂಡು ಹಕ್ಕಿಯು ಗುಂಡು ಬರುವ ಮೊದಲೇ ಹಾರಿಹೋಗುತ್ತಿತ್ತು. ಈ ವಿಘ್ನವನ್ನು ಪರಿಹರಿಸಬೇಕೆಂದು ಹೊರಟ ಪಾದ್ರಿಯು, ಪೆಟ್ಟಿಗೆ ಸಿಡಿಯುವ ದ್ರವ್ಯದ ಅಲ್ಪಾಂಶದಿಂದ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುವ ಯಂತ್ರವನ್ನು ರಚಿಸಿದನು. ಹೋವರ್ಡನಿಗೆ ದೋಷವಾಗಿ ಕಂಡ ತೀವ್ರತೆಯು ಫೋರ್ಸೈತನಿಗೆ ಗುಣವಾಯಿತು. ತಳ್ಳುವ ಕೆಲಸವನ್ನು ಹಳೆಯ ಮದ್ದಿಗೇ ಬಿಟ್ಟು, ಹೊತ್ತಿಸುವ ಕೆಲಸವನ್ನು ಮಾತ್ರ ಹೊಸ ದ್ರವ್ಯಕ್ಕೆ ವಹಿಸಿದುದೇ ಅವನ ಬುದ್ಧಿಯ ವಿಶೇಷ.

೧೮೦೬ರಲ್ಲಿ ಅವನು ಲಂಡನ್ನಿಗೆ ಹೋಗಿ, ಸರ್ಕಾರದ ಆಶ್ರಯದಲ್ಲಿ ಅಲ್ಲಿಯ ಟವರ್ ಕೋಟೆಯೊಳಗೆ ಪ್ರಯೋಗಗಳನ್ನು ನಡೆಸಿದನು. ಶಸ್ತ್ರಾಗಾರದ ಮುಖ್ಯಾಧಿಕಾರಿಯು ಬದಲಾದೊಡನೆ ಆ ಆಶ್ರಯವು ತಪ್ಪಿಹೋಯಿತು. ೧೮೦೭ರ ಏಪ್ರಿಲಿನಲ್ಲಿ ಅವನಿಗೆ ಏಕಸ್ವಾಮ್ಯದ ಹಕ್ಕು ಸಿಕ್ಕಿತು; ಹಬೆಯಂತ್ರದಿಂದ ಪ್ರಸಿದ್ಧನಾದ ಜೇಮ್ಸ್ ವಾಟನು ಈ ವ್ಯವಹಾರದಲ್ಲಿ ಅವನಿಗೆ ನೆರವಾದನು. ಸುಮಾರು ೧೮೨೦ರಿಂದ ಈಚೆಗೆ, ಸಿಡಿಪಾದರಸವನ್ನು ಒಳಗೊಂಡ ತಾಮ್ರದ ಪುಟ್ಟ ಟೋಪಿಗಳು ಬಳಕೆಗೆ ಬಂದುವು. ಮಲೆನಾಡಿನವರು ಕೇಪಿನ ಕೋವಿ ಎಂದು ಹೇಳುವ ಆಯುಧದ ಮೂಲವನ್ನು ಹುಡುಕುತ್ತ ಹೋದರೆ ನಾವು ಸೇರುವುದು ಈ ಗ್ರಾಮದ ಪಾದ್ರಿಯ ಮನೆಯನ್ನೇ. ಇದು ಹವ್ಯಾಸಿಯ ಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಯಂತ್ರಕೌಶಲದ ಜಯ. ಆ ದ್ರವ್ಯವು ಏಕೆ ಸಿಡಿಯುತ್ತದೆ, ಅದರ ಒಳಗಿರುವುದೇನು ಎಂಬ ಪ್ರಶ್ನೆಯನ್ನು ಬೇಟೆಗಾರನು ಕೇಳಬೇಕಾಗಿರಲಿಲ್ಲ. ಅವನು ಕೇಳಲೂ ಇಲ್ಲ.

೪

ಆ ಪ್ರಶ್ನೆಯನ್ನು ಕೇಳಹೊರಟವರು ತೆತ್ತ ಬೆಲೆ ಎಷ್ಟೆಂಬುದಕ್ಕೆ ಬೇರೊಂದು ಸ್ಫೋಟಕದ ಚರಿತ್ರೆಯು ನಿದರ್ಶನವಾಗಿದೆ. ಪ್ಯಾರಿಸ್ಸಿನಲ್ಲಿ ಪಿಯೆರ್ ಲೂಯಿ ದ್ಯೂಲೋಂಗನೆಂಬ ತರುಣನು ವೈದ್ಯವೃತ್ತಿಯನ್ನು ಬಿಟ್ಟು ರಸಾಯನವಿಜ್ಞಾನಕ್ಕೆ ಬಂದಿದ್ದನು. ೧೮೧೧ರಲ್ಲಿ ಅವನು ಕ್ಲೋರೀನ್ ಮತ್ತು ಸಾರಜನಕಗಳ ಸಂಯುಕ್ತವಾದ ಒಂದು ಎಣ್ಣೆಯಂಥ ದ್ರವವನ್ನು ಕಂಡನು. ಅದು ಸಿಡಿದು ಅವನಿಗೆ ಗಾಯವಾಯಿತು. ಅವನು ಹಿಂಜರಿಯದೆ ಮತ್ತೆ ಪ್ರಯೋಗಕ್ಕೆ ತೊಡಗಿದನು, ಮತ್ತೆ ಸಿಡಿಯಿತು. ಇವುಗಳಲ್ಲಿ ಅವನು ಒಂದು ಕಣ್ಣನ್ನೂ ಕೈಯ ಎರಡು ಬೆರಳುಗಳನ್ನೂ ಕಳೆದುಕೊಂಡನು. ಅವನ ನಿಬಂಧವು ಅಚ್ಚಾಗಿ ಹೊರಬಿದ್ದುದು ೧೮೧೩ರಲ್ಲಿ.

ಈ ನಡುವೆ, ೧೮೧೨ರಲ್ಲಿ, ಪ್ಯಾರಿಸ್ಸಿನ ಆಂಪೇರನು ಲಂಡನ್ನಿನ ಹಂಫ್ರಿ ಡೇವಿಗೆ ಬರೆದ ಕಾಗದದಲ್ಲಿ ಈ ದ್ರವದ ಮಾತೂ ಅದರಿಂದ ಒಬ್ಬ ಶೋಧಕನಿಗೆ ಅಂಗಹಾನಿಯಾದ ಮಾತೂ ಇದ್ದುವು. ಮಾಡುವ ಕ್ರಮವು ಇರಲಿಲ್ಲ. ಡೇವಿಯು ತಾನೇ ಅದನ್ನು ಹುಡುಕಿ ಮಾಡಿದನು. ಗಾಜಿನ ನಳಿಗೆಯು ಒಡೆದು ಚೂರುಗಳು ಅವನ ಕಣ್ಣಿಗೆ ತಾಕಿದುವು. ಕೆಲವು ಕಾಲ ಓದುಬರಹಗಳು ಅವನಿಗೆ ಅಸಾಧ್ಯವಾದುವು. ಆಗ ಅವನು ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಬರೆದ ಪತ್ರದಲ್ಲಿ, ಈ ದ್ರವ್ಯದ ಪ್ರಯೋಗಗಳು ಅಪಾಯಕಾರಿಗಳಾದ ಕಾರಣ ತನಗೆ ತಿಳಿದ ಸಂಗತಿಗಳು ಆದಷ್ಟು ಬೇಗ ಲೋಕಕ್ಕೆ ಪ್ರಕಟವಾಗಬೇಕೆಂದು ಹೇಳಿದ್ದಾನೆ. ಎಚ್ಚರಿಕೆಯ ಮಾತು ಹೊಸ ಶೋಧನೆಯ ಮಾತಿನಷ್ಟೇ ಪ್ರಕಟನಾರ್ಹವೆಂಬ ಈ ಭಾವನೆಯನ್ನು ನಾವು ಆದರದಿಂದ ನೆನೆಯಬೇಕು. ಅಪೂರ್ಣವಾದ ಸುದ್ದಿಯೊಂದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ ಎರಡನೆಯವನ ಕಣ್ಣಿಗೂ ಕುಂದು ತಂದುದನ್ನು ಅವನು ಸ್ವಾನುಭವದಿಂದ ಬಲ್ಲವನಾಗಿದ್ದನು.

ಡೇವಿಯ ಕಣ್ಣಿಗೆ ಆದ ಈ ಗಾಯವು ಬೇರೊಬ್ಬ ಹವ್ಯಾಸಿಗೆ ಶಾಸ್ತ್ರದ ಬಾಗಿಲನ್ನು ತೆರೆಯಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತಿದ್ದ ಮೈಕೇಲ್ ಫ್ಯಾರಡೇ ಎಂಬ ಯುವಕನನ್ನು ಡೇವಿಯು ಕೆಲವು ದಿನಗಳ ಮಟ್ಟಿಗೆ ತನ್ನ ಬರಹಗಾರನನ್ನಾಗಿ ಇಟ್ಟುಕೊಂಡನು. ೧೮೧೩ರ ಮಾರ್ಚಿಯಲ್ಲಿ ಆ ಯುವಕನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. ಅವನಿಗೆ ಮೊದಲು ಒದಗಿದ ಕೆಲಸಗಳಲ್ಲಿ ಅದೇ ಸಿಡಿಯುವ ದ್ರವದ ಪ್ರಯೋಗವೂ ಒಂದು. ಆ ವರ್ಷದ ಏಪ್ರಿಲಿನಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಮುಖಕ್ಕೆ ಗಾಜಿನ ಮುಸುಕನ್ನು ಹಾಕಿಕೊಂಡಿದ್ದರೂ ಪದೇ ಪದೇ ಆದ ಸಿಡಿತಗಳಿಂದ ತನ್ನ ಕೈಗೆ ತಗಲಿದ ಪೆಟ್ಟುಗಳನ್ನು ಅವನು ವರ್ಣಿಸಿದ್ದಾನೆ. ದ್ಯೂಲೋಂಗನ ಕಾಲಕ್ಕೂ ಫ್ಯಾರಡೇಯ ಕಾಲಕ್ಕೂ ನಡುವಿನ ಅಂತರವು ಎರಡು ವರ್ಷವೂ ಇಲ್ಲ. ಆದರೆ ಅಷ್ಟರಲ್ಲಿ ಮುಖಕ್ಕೆ ಮುಸುಕು ಬಂದಿತ್ತು. ಪ್ರಯೋಗಶಾಲೆಗಳಲ್ಲಿ ಇಂದು ವಿದ್ಯಾರ್ಥಿಗಳು ಬೇಸರದಿಂದ ಪಾಲಿಸುವ ನಿಯಮಗಳಲ್ಲಿ ಒಂದೊಂದರ ಹಿಂದೆಯೂ ಇಂಥ ಒಬ್ಬನ ಕಣ್ಣು, ಮತ್ತೊಬ್ಬನ ಬೆರಳು ಇರುವುದುಂಟು.

೫

ಈಗ ಲೀಬಿಗನ ವಿಚಾರಕ್ಕೆ ಬರೋಣ. ಅವನು ೧೮೦೩ರ ಮೇ ೧೨ರಂದು ಹೆಸ್ಸೆ ಸಂಸ್ಥಾನದ ರಾಜಧಾನಿಯಾದ ಡಾರ್ಮ್‌ಸ್ಟಾಟಿನಲ್ಲಿ ಜನಿಸಿದನು. ತಂದೆಯು ಬಣ್ಣ, ಮೆರುಗೆಣ್ಣೆ, ಔಷಧದ ಸರಕು ಮುಂತಾದುವುಗಳ ವ್ಯಾಪಾರಿ. ಕೆಲವನ್ನು ಮನೆಯಲ್ಲಿಯೇ ತಯಾರಿಸುತ್ತಿದ್ದನು. ಹುಡುಗನು ತಂದೆಯ ಕೆಲಸಕ್ಕೆ ನೆರವಾಗುತ್ತ ದ್ರವ್ಯಗಳ ಗುಣಗಳನ್ನು ಪರಿಚಯಮಾಡಿಕೊಂಡನು. ರಾಜರ ಗ್ರಂಥಭಂಡಾರದಲ್ಲಿದ್ದ ರಸಾಯನಗ್ರಂಥಗಳನ್ನು, ಒಳ್ಳೆಯದು ಕೆಟ್ಟದೆಂಬ ವಿವೇಚನೆಯಿಲ್ಲದೆ, ಅವು ಕಪಾಟಿನಲ್ಲಿ ಇದ್ದ ಅನುಕ್ರಮದಲ್ಲಿಯೇ ಓದಿ ಮುಗಿಸಿದುದಾಗಿ ಅವನು ಹೇಳಿಕೊಂಡಿದ್ದಾನೆ. ಶಾಲೆಯಲ್ಲಿ ಮಾತ್ರ ಅವನು ಹಿಂದೆಬಿದ್ದವನು. ಮುಂದೆ ಏನಾಗಬೇಕೆಂದಿರುವೆ ಎಂದು ಗುರುವು ಕೇಳಿದಾಗ ರಸಾಯನಜ್ಞನಾಗುವೆನೆಂದು ಉತ್ತರಕೊಡಲು ತರಗತಿಯೆಲ್ಲ ನಕ್ಕಿತಂತೆ.

ಡಾರ್ಮ್‌ಸ್ಟಾಟಿನ ಸಂತೆಗೆ ಬರುತ್ತಿದ್ದ ಒಬ್ಬ ವ್ಯಾಪಾರಿಯು ಸಿಡಿಬೆಳ್ಳಿಯನ್ನು ಮಾಡಿ ಆಟಿಕೆಗಳಲ್ಲಿ ಸೇರಿಸುವುದನ್ನು ಹುಡುಗನು ನಿಂತು ನೋಡಿದನು. ಏಳುವ ಹೊಗೆಯ ಬಣ್ಣದಿಂದಲೂ ಸುರಿಯುವ ದ್ರವದ ವಾಸನೆಯಿಂದಲೂ ಮೂಲದ್ರವ್ಯಗಳನ್ನು ಊಹಿಸಿದನು. ಓದಿದ ಓದೂ ತಂದೆಯ ಅಂಗಡಿಯ ಪರಿಚಯವೂ ಆ ಊಹೆಗೆ ಬೆಂಬಲವಾದುವು. ಇದರಲ್ಲಿ ಮೆಚ್ಚತಕ್ಕ ಅಂಶವೆಂದರೆ ನೋಟದ ಸೂಕ್ಷ್ಮತೆ. ಸಿಡಿಯುವ ಸದ್ದನ್ನು ಸಂತೆಯವರೆಲ್ಲರೂ ಕೇಳಿದ್ದರು. ಹೊಗೆಯ ಬಣ್ಣವನ್ನು ಗಮನಿಸಿದವನು ಇವನೊಬ್ಬನೇ.

ಇನ್ನು ಹೆಪ್ಪೆನ್‌ಹೈಮಿನ ಕಥೆ. ಲೀಬಿಗನು ಅಲ್ಲಿಯ ಔಷಧದಂಗಡಿಯಲ್ಲಿ ಸುಮಾರು ಹತ್ತು ತಿಂಗಳು ಇದ್ದು ಮನೆಗೆ ಹಿಂದಿರುಗಿದುದು ನಿಜ. ಮರಣಾನಂತರ ಪ್ರಕಟವಾದ ಅವನ ಆತ್ಮವೃತ್ತದ ಟಿಪ್ಪಣಿಗಳು ವೃದ್ಧಾಪ್ಯದಲ್ಲಿ ಬರೆದುವು; ಐವತ್ತು ವರ್ಷಗಳ ಹಿಂದಿನ ಬಾಲ್ಯವನ್ನು ಪ್ರಸಿದ್ಧಪುರುಷನೊಬ್ಬನು ನೆನೆಯುವಾಗ ಅಲ್ಲಿ ಬಣ್ಣವೇರುವುದು ಸಹಜ. ಈಚಿನ ಚರಿತ್ರಕಾರರು ಬೇರೊಂದು ಕಾರಣವನ್ನು ಸೂಚಿಸಿದ್ದಾರೆ: ಮಗನ ಶಿಕ್ಷಣಕ್ಕಾಗಿ ಯಜಮಾನನಿಗೆ ಸಲ್ಲಿಸಬೇಕಾಗಿದ್ದ ಹಣವನ್ನು ತಂದೆಯು ಕೊಡಲಾರದೆ ಹೋಗಿರಬಹುದು. ಕಾಲವನ್ನು ನೋಡಿದರೆ ಈ ಸೂಚನೆಯು ಯುಕ್ತವಾಗಿ ಕಾಣುತ್ತದೆ. ೧೮೧೫ರಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವ ದ್ವೀಪದ ತಂಬೋರಾ ಎಂಬ ಅಗ್ನಿಪರ್ವತವು ಸಿಡಿದು, ಅದರ ಧೂಳಿಯು ಆಕಾಶದಲ್ಲಿ ಹರಡಿ, ೧೮೧೬ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಜರ್ಮನಿಯ ಬೆಳೆಗಳು ಕೆಟ್ಟುವು. ಧಾನ್ಯದ ಬೆಲೆ ಏರಿ ಕ್ಷಾಮವು ತಲೆದೋರಿತು. ಲೀಬಿಗನನ್ನು ಕೆಲಸಕ್ಕೆ ಕಳುಹಿಸಿದುದು ಅದರ ಮರುವರ್ಷ. ಚಿಲ್ಲರೆ ವ್ಯಾಪಾರಿಯ ಸಂಸಾರವು ಇಂಥ ಕಾಲದಲ್ಲಿ ಮುಗ್ಗಟ್ಟಿಗೆ ಸಿಕ್ಕಿದ್ದರೆ ಆಶ್ಚರ್ಯವೇನು? ಹುಡುಗನನ್ನು ಮನೆಗೆ ತಂದುದು ಅಟ್ಟದ ಸಿಡಿತವಲ್ಲ, ಮನೆಯ ಬಡತನವೆಂದು ನಂಬಲು ಅವಕಾಶವಿದೆ. ಬಡತನವನ್ನು ಹೇಳಿಕೊಳ್ಳುವುದಕ್ಕಿಂತ ಸಾಹಸವನ್ನು ಹೇಳುವುದು ಮನುಷ್ಯರಿಗೆ ಹಿತ. ಖಚಿತವಾದ ತೀರ್ಪನ್ನು ಕೊಡದೆ, ಪ್ರಚಲಿತವಾದ ಕಥೆಯನ್ನು ಸಿದ್ಧವಾದ ಸಂಗತಿಯೆಂದು ಎಣಿಸಬಾರದೆಂದಷ್ಟು ಹೇಳಿದರೆ ಸಾಕು.

೬

೧೮೨೦ರಲ್ಲಿ ಲೀಬಿಗನು ಬಾನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕಾಸ್ಟ್ನರನೆಂಬ ಪ್ರಾಧ್ಯಾಪಕನಲ್ಲಿ ಓದತೊಡಗಿದನು. ಮರುವರ್ಷ ಗುರುವಿನೊಡನೆ ಎರ್ಲಾಂಗೆನ್ನಿಗೆ ಹೋದನು. ಸಿಡಿಬೆಳ್ಳಿಯನ್ನು ಕುರಿತ ಅವನ ಮೊದಲನೆಯ ಲೇಖನವು ೧೮೨೨ರಲ್ಲಿ ಔಷಧಶಾಸ್ತ್ರದ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ದ್ರವ್ಯಗಳನ್ನು ವಿಭಾಗಿಸಿ ಪರಿಮಾಣವನ್ನು ಗೊತ್ತುಮಾಡುವ ವಿದ್ಯೆಯನ್ನು ಅಲ್ಲಿ ಕಲಿಸುವವರಿರಲಿಲ್ಲ. ಕಲಿಸುವೆನೆಂದು ಮಾತುಕೊಟ್ಟ ಗುರುವಿಗೇ ಆ ವಿದ್ಯೆಯು ಬರುತ್ತಿರಲಿಲ್ಲವೆಂದು ಲೀಬಿಗನು ಮುಂದೆ ಬರೆದನು. ಆ ವರ್ಷದ ಕೊನೆಯಲ್ಲಿ ಹೆಸ್ಸೆಯ ಮಹಾಪ್ರಭುವಿನ ವೇತನವನ್ನು ಪಡೆದು ಅವನು ಪ್ಯಾರಿಸ್ಸಿಗೆ ತೆರಳಿದನು. ಗೇ-ಲ್ಯುಸಾಕ್, ತೆನಾರ್, ದ್ಯೂಲೋಂಗ್ ಇವರ ಉಪನ್ಯಾಸಗಳನ್ನು ಕೇಳಿದನು. ಒಂದು ಕಣ್ಣನ್ನೂ ಬೆರಳುಗಳನ್ನೂ ಸ್ಫೋಟಕ್ಕೆ ತೆತ್ತ ಗುರುವಿನ ಮುಂದೆ, ಬಾಲ್ಯದಿಂದ ಸ್ಫೋಟಕವನ್ನು ಹಿಡಿದು ಆಡಿದ ಶಿಷ್ಯನು ಕುಳಿತು ಕೇಳಿದ ಚಿತ್ರವನ್ನು ಚರಿತ್ರೆಯ ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು.

೧೮೨೩ರ ಜುಲೈಯಲ್ಲಿ ಲೀಬಿಗನ ಸಿಡಿದ್ರವ್ಯಗಳ ನಿಬಂಧವು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದಿತು. ಸಭೆಯು ಮುಗಿದ ಮೇಲೆ ಅವನು ತನ್ನ ಸಾಮಗ್ರಿಯನ್ನು ಕಟ್ಟಿಕೊಳ್ಳುತ್ತಿರುವಾಗ ಸಭಾಸದರಲ್ಲೊಬ್ಬನು ಹತ್ತಿರ ಬಂದು ಆದರದಿಂದ ಮಾತನಾಡಿಸಿದನು. ಅವನು ಪ್ರಸಿದ್ಧ ಪ್ರವಾಸಿಯೂ ವಿದ್ವಾಂಸನೂ ಆದ ಅಲೆಗ್ಸಾಂಡರ್ ಹುಂಬೋಲ್ಟ್. ಈ ಉಪಕಾರವನ್ನು ಲೀಬಿಗನು ೧೮೪೦ರಲ್ಲಿ ಕೃಷಿರಸಾಯನವನ್ನು ಕುರಿತ ತನ್ನ ಗ್ರಂಥವನ್ನು ಅರ್ಪಿಸುವಾಗ ಸ್ಮರಿಸಿದ್ದಾನೆ. ಹುಂಬೋಲ್ಟನ ಮಾತಿನಿಂದ ಗೇ-ಲ್ಯುಸಾಕನು ಆ ಇಪ್ಪತ್ತು ವರ್ಷದ ತರುಣನನ್ನು ತನ್ನ ಸ್ವಂತ ಪ್ರಯೋಗಶಾಲೆಗೆ ಸೇರಿಸಿಕೊಂಡನು. ಇಬ್ಬರೂ ಕೂಡಿ ಸಿಡಿಬೆಳ್ಳಿಯಲ್ಲಿರುವ ಪ್ರತಿಯೊಂದು ಧಾತುವಿನ ಪ್ರಮಾಣವನ್ನು ನಿರ್ಣಯಿಸಿ ೧೮೨೪ರಲ್ಲಿ ಪ್ರಕಟಿಸಿದರು.

ಇಲ್ಲಿ ಕೊಂಚ ನಿಂತು ನೋಡಬೇಕು. ಸಿಡಿದುಹೋದ ವಸ್ತುವನ್ನು ತೂಗಲಾಗದು. ಕ್ಷಣಮಾತ್ರದಲ್ಲಿ ಅದು ಹೊಗೆಯೂ ಚೂರೂ ಆಗಿ ದಿಕ್ಕುಪಾಲಾಗುತ್ತದೆ. ಆದುದರಿಂದ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ತೆಗೆದುಕೊಂಡು, ಅದರ ಕಣಗಳು ಒಂದಕ್ಕೊಂದು ದೂರವಾಗುವಂತೆ ಬೇರೆ ಪುಡಿಯ ಬಹುಭಾಗದೊಡನೆ ಬೆರಸಿ, ಸದ್ದಿಲ್ಲದೆ ನಿಧಾನವಾಗಿ ಭೇದಿಸಿ, ಹೊರಟ ಅನಿಲಗಳನ್ನು ಒಂದು ಗುಳ್ಳೆಯೂ ತಪ್ಪದಂತೆ ಹಿಡಿದು ಅಳೆಯಬೇಕಾಗಿದ್ದಿತು. ಸಂತೆಯ ವ್ಯಾಪಾರಿಯ ವಿದ್ಯೆಯು ಸಿಡಿಸುವ ವಿದ್ಯೆ. ಗೇ-ಲ್ಯುಸಾಕನದು ಸಿಡಿಯದಂತೆ ನೋಡಿಕೊಳ್ಳುವ ವಿದ್ಯೆ. ಲೀಬಿಗನು ಹವ್ಯಾಸಿಯ ಸ್ಥಿತಿಯಿಂದ ಶಾಸ್ತ್ರಜ್ಞನ ಸ್ಥಿತಿಗೆ ಏರಿದುದು ಈ ಹೊಸ್ತಿಲಲ್ಲಿಯೇ ಎಂದು ನಮ್ಮ ಅಭಿಪ್ರಾಯ.

೭

ಫಲವು ಬೇಗನೆ ಕಾಣಿಸಿಕೊಂಡಿತು; ಆದರೆ ಮೊದಲು ಅದು ಫಲವೆಂದು ಯಾರಿಗೂ ತೋರಲಿಲ್ಲ, ತಪ್ಪೆಂದು ತೋರಿತು. ಅದೇ ವರ್ಷಗಳಲ್ಲಿ ಫ್ರೀಡ್ರಿಖ್ ವ್ಯೋಲರನು ಸಯನಿಕಾಮ್ಲದ ಲವಣಗಳನ್ನು ಪರಿಶೀಲಿಸುತ್ತಿದ್ದನು. ಇವನೂ ೧೮೦೦ರಲ್ಲಿ ಫ್ರಾಂಕ್‌ಫರ್ಟಿನ ಸಮೀಪದಲ್ಲಿ ಹುಟ್ಟಿ, ಬಾಲ್ಯದಲ್ಲಿ ಮನೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದವನು. ಸ್ಟಾಕ್‌ಹೋಮಿನಲ್ಲಿ ಬೆರ್ಸೇಲಿಯಸನ ಬಳಿ ತೂಕದ ವಿದ್ಯೆಯನ್ನು ಕಲಿತವನು. ಸಯನಿಕಾಮ್ಲದ ಬೆಳ್ಳಿಲವಣಕ್ಕೆ ಅವನು ಕೊಟ್ಟ ಲೆಕ್ಕವು ಲೀಬಿಗನು ಸಿಡಿಬೆಳ್ಳಿಗೆ ಕೊಟ್ಟ ಲೆಕ್ಕದೊಡನೆ ಸರಿಹೋಯಿತು. ಈಗಿನ ಪರಮಾಣುಭಾರಗಳಂತೆ ಗಣಿಸಿದರೆ ಎರಡರಲ್ಲಿಯೂ ನೂರು ಭಾಗಕ್ಕೆ ಬೆಳ್ಳಿ ಸುಮಾರು ೭೨, ಇಂಗಾಲ ೮, ಸಾರಜನಕ ೯.೩, ಆಮ್ಲಜನಕ ೧೦.೭ ಭಾಗಗಳು ಬರುತ್ತವೆ. ಆದರೆ ಒಂದು ವಸ್ತುವು ಮುಟ್ಟಿದರೆ ಸಿಡಿಯುತ್ತದೆ. ಇನ್ನೊಂದು ಹಾಗೆ ಸಿಡಿಯುವುದಿಲ್ಲ. ಧಾತುಗಳೂ ಅವುಗಳ ಪ್ರಮಾಣವೂ ಒಂದೇ ಆದರೆ ವಸ್ತುವೂ ಒಂದೇ ಆಗಬೇಕೆಂಬುದು ಅಂದಿನ ರಸಾಯನಜ್ಞರ ನಂಬಿಕೆ. ಹಾಗಾದರೆ ಇಬ್ಬರಲ್ಲಿ ಒಬ್ಬನ ತಕ್ಕಡಿ ಸುಳ್ಳಾಡಿರಬೇಕು.

ಲೀಬಿಗನು ಸ್ವಭಾವದಿಂದ ಕಲಹಪ್ರಿಯನು. ವ್ಯೋಲರನ ಲೆಕ್ಕವೇ ತಪ್ಪೆಂದು ಅವನು ಸಾರಿದನು. ಸಯನಿಕಾಮ್ಲದ ಬೆಳ್ಳಿಲವಣವನ್ನು ತಾನೇ ವಿಭಾಗಿಸಿ ಬೇರೆ ಸಂಖ್ಯೆಯನ್ನೂ ಕೊಟ್ಟನು. ಬಳಿಕ ಮತ್ತೆ ಪರೀಕ್ಷಿಸಿದಾಗ ತಾನು ತೂಗಿದ ಮಾದರಿಯೇ ಅಶುದ್ಧವಾಗಿತ್ತೆಂಬುದು ಅವನಿಗೆ ಗೊತ್ತಾಯಿತು. ವ್ಯೋಲರನು ಸರಿಯೆಂದು ಅವನು ೧೮೨೬ರಲ್ಲಿ ಒಪ್ಪಿಕೊಂಡನು. ಜಗಳದಿಂದ ಮೊದಲಾದ ಪರಿಚಯವು ಜೀವಮಾನದ ಸ್ನೇಹವಾಯಿತು. ಇಬ್ಬರ ತಕ್ಕಡಿಗಳೂ ಸತ್ಯವನ್ನೇ ನುಡಿದಿದ್ದುವೆಂದ ಮೇಲೆ ನಂಬಿಕೆಯೇ ಬದಲಾಗಬೇಕಾಯಿತು. ಅವೇ ಅಂಶಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡಿದ್ದರೆ ಬೇರೆ ಬೇರೆ ವಸ್ತುಗಳಾಗಬಹುದೆಂದು ಗೇ-ಲ್ಯುಸಾಕನು ಸೂಚಿಸಿದ್ದನು. ಮೊದಲು ಸಂದೇಹಪಟ್ಟಿದ್ದ ಬೆರ್ಸೇಲಿಯಸನು ತಾನೇ ಇಂಥ ಬೇರೊಂದು ಉದಾಹರಣೆಯನ್ನು ಕಂಡು, ೧೮೩೦ರಲ್ಲಿ ಈ ತತ್ತ್ವಕ್ಕೆ ಗ್ರೀಕ್ ಮೂಲದ ಒಂದು ಹೆಸರನ್ನಿಟ್ಟನು. ನಾವು ಅದನ್ನು ಸಮಾಂಗತೆ ಎನ್ನುತ್ತೇವೆ.

ಅಕ್ಷರಗಳ ಉಪಮಾನದಿಂದ ಇದನ್ನು ತಿಳಿಯಬಹುದು. ‘ರಸ’ ಎಂಬ ಪದದಲ್ಲಿಯೂ ‘ಸರ’ ಎಂಬ ಪದದಲ್ಲಿಯೂ ಇರುವ ಅಕ್ಷರಗಳು ಅವೇ ಎರಡು. ಅನುಕ್ರಮವು ಬೇರೆಯಾದುದರಿಂದ ಅರ್ಥವೂ ಬೇರೆ. ಸಯನೇಟಿನಲ್ಲಿ ಇಂಗಾಲದ ಪರಮಾಣುವು ಸಾರಜನಕ ಆಮ್ಲಜನಕಗಳ ನಡುವೆ ಇದೆ; ಫಲ್ಮಿನೇಟಿನಲ್ಲಿ ಸಾರಜನಕವು ಇಂಗಾಲ ಆಮ್ಲಜನಕಗಳ ನಡುವೆ ಇದೆ. ಇಷ್ಟೇ ಭೇದ, ಇದರಿಂದಲೇ ಒಂದು ಶಾಂತ, ಇನ್ನೊಂದು ರೌದ್ರ. ಈ ಜೋಡಣೆಯು ಸ್ಪಷ್ಟವಾಗುವುದಕ್ಕೆ ಶತಮಾನದ ಕೊನೆಯವರೆಗೂ ಕಾಯಬೇಕಾಯಿತು. ಸಾಂಗತ್ಯವು ಮಾತ್ರವಲ್ಲ, ಸನ್ನಿವೇಶವೂ ದ್ರವ್ಯದ ಗುಣವನ್ನು ನಿರ್ಧರಿಸುತ್ತದೆಂಬ ಈ ತತ್ತ್ವದ ಮೇಲೆಯೇ ಮುಂದಿನ ಇಂಗಾಲರಸಾಯನದ ಭವನವೆಲ್ಲವೂ ನಿಂತಿದೆ. ಔಷಧಗಳು, ಬಣ್ಣಗಳು, ಸುಗಂಧಗಳು ಇವನ್ನು ರಚಿಸುವವರು ಇಂದಿಗೂ ಮೊದಲು ವಿಚಾರಿಸುವುದು ಜೋಡಣೆಯನ್ನೇ.

೮

ಲೀಬಿಗನು ೧೮೨೪ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹುಂಬೋಲ್ಟನ ಶಿಫಾರಸಿನ ಮೇಲೆ ಗೀಸೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಸೈನಿಕರು ಬಿಟ್ಟುಹೋದ ಒಂದು ಕಾವಲುಮನೆಯಲ್ಲಿ ಅವನು ಸ್ಥಾಪಿಸಿದ ಪ್ರಯೋಗಶಾಲೆಗೆ ಹಲವು ದೇಶಗಳಿಂದ ಶಿಷ್ಯರು ಬಂದರು. ಗುರುವಿನ ಕಣ್ಣೆದುರಿನಲ್ಲಿ, ಕ್ರಮವಾಗಿ, ತೂಕದಿಂದ ಆರಂಭಿಸಿ ಕೈಕೆಲಸವನ್ನು ಕಲಿಯುವ ಪದ್ಧತಿಯು ಅಲ್ಲಿಂದಲೇ ಲೋಕದಲ್ಲಿ ಹರಡಿತು. ಸಂತೆಯಲ್ಲಿ ಕದ್ದು ಕಲಿತವನು, ಇನ್ನು ಮುಂದೆ ಯಾರೂ ಹಾಗೆ ಕಲಿಯಬೇಕಾಗಿಲ್ಲವೆಂಬಂತೆ ಶಾಲೆಯನ್ನು ಕಟ್ಟಿದನು.

ಸ್ಫೋಟಕಗಳ ಚರಿತ್ರೆಯು ಅಲ್ಲಿಗೆ ನಿಲ್ಲಲಿಲ್ಲ. ೧೮೪೭ರ ಜುಲೈಯಲ್ಲಿ ಇಂಗ್ಲೆಂಡಿನ ಫ್ಯಾವರ್‌ಷಾಮಿನಲ್ಲಿ ಸಿಡಿಹತ್ತಿಯ ಕಾರ್ಖಾನೆಯು ಸಿಡಿದು ಸುಮಾರು ಇಪ್ಪತ್ತು ಮಂದಿ ಮಡಿದರು. ೧೮೬೪ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೋರಿನಲ್ಲಿ ಆಲ್ಫ್ರೆಡ್ ನೊಬೆಲನ ತಮ್ಮನಾದ ಎಮಿಲನೂ ಬೇರೆ ಕೆಲವರೂ ನೈಟ್ರೋಗ್ಲಿಸರೀನಿನ ಸಿಡಿತದಿಂದ ಸತ್ತರು. ಹೋವರ್ಡನಂಥ ಶ್ರೀಮಂತನು ತನ್ನ ಮೈಗೆ ತಾನೇ ತಂದುಕೊಂಡ ಗಾಯವು ಬೇರೆ. ಕೂಲಿಗಾಗಿ ಬಂದವರ ಮರಣವು ಬೇರೆ. ಕುತೂಹಲವುಳ್ಳವನು ತೆರುತ್ತಿದ್ದ ಬೆಲೆಯನ್ನು ಕುತೂಹಲವಿಲ್ಲದವರೂ ತೆರಬೇಕಾದ ಕಾಲವು ಬಂದಿತ್ತು.

ನಮ್ಮ ದೇಶದ ರಸಾಯನಜ್ಞರಲ್ಲಿ ಹಿರಿಯರಾದ ಪ್ರಫುಲ್ಲಚಂದ್ರ ರಾಯರೂ ತಮ್ಮ ಆತ್ಮಚರಿತ್ರೆಯಲ್ಲಿ ಇಂಥದೊಂದು ಅನುಭವವನ್ನು ಹೇಳಿದ್ದಾರೆ. ಕಲಕತ್ತೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರೂ ಅವರ ಸಹಪಾಠಿಯೊಬ್ಬನೂ ಬಿಡಾರದಲ್ಲಿ ಒಂದು ಪುಟ್ಟ ಪ್ರಯೋಗಶಾಲೆಯನ್ನು ಇಟ್ಟುಕೊಂಡಿದ್ದರು. ತೆಳುವಾದ ತಗಡಿನಿಂದ ಮಾಡಿಸಿದ ಅನಿಲದ ಊದುನಳಿಗೆಯೊಂದು ಭಯಂಕರವಾಗಿ ಸಿಡಿಯಿತು; ಇಬ್ಬರೂ ದೈವವಶದಿಂದ ಗಾಯವಿಲ್ಲದೆ ಉಳಿದರು. ರಾಯರು ಇದನ್ನು ಹೆಮ್ಮೆಯಿಂದ ಹೇಳಿಲ್ಲ, ಪಾರಾದೆವೆಂಬ ಸಮಾಧಾನದಿಂದ ಹೇಳಿದ್ದಾರೆ. ಕಥೆಯನ್ನು ಹೇಳಬೇಕಾದ ರೀತಿಯು ಇದೇ. ಪಾರಾದವರು ಮಾತ್ರ ಆತ್ಮಚರಿತ್ರೆಯನ್ನು ಬರೆಯಬಲ್ಲರು. ಪಾರಾಗದವರ ಕಥೆಯನ್ನು ಬರೆಯುವವರಿಲ್ಲ. ಪ್ರತಿಭೆಗೂ ಸ್ಫೋಟಕ್ಕೂ ನಂಟುಂಟೆಂಬ ಭ್ರಮೆಗೆ ಮೂಲವು ಈ ಏಕಪಕ್ಷೀಯವಾದ ಸಾಕ್ಷ್ಯವೇ ಇರಬೇಕು.

ಮೇಲೆ ನಿರೂಪಿಸಿದ ಸಂಗತಿಗಳಿಂದ ಸಿದ್ಧವಾಗುವುದಿಷ್ಟು. ಮನೆಯ ಮೂಲೆಯಲ್ಲಿ ಪ್ರಯೋಗ ಮಾಡಿದ ಹವ್ಯಾಸಿಗಳಿಗೆ ರಸಾಯನಶಾಸ್ತ್ರವು ಋಣಿಯಾಗಿದೆ; ಆದರೆ ಆ ಋಣವು ಅವರ ದುಡುಕಿಗೆ ಸಂದುದಲ್ಲ. ಹೊಗೆಯ ಬಣ್ಣವನ್ನು ಗಮನಿಸಿದ ಕಣ್ಣಿಗೆ, ಅಪಾಯವನ್ನು ಒಡನೆಯೇ ಲೋಕಕ್ಕೆ ತಿಳಿಸಿದ ಸೌಜನ್ಯಕ್ಕೆ, ಸಾಕೆನಿಸಿದಾಗ ಬಿಟ್ಟು ಬೇರೆ ಕೆಲಸಕ್ಕೆ ಹೋದ ವಿವೇಕಕ್ಕೆ, ತನ್ನ ಮಾದರಿಯೇ ಅಶುದ್ಧವೆಂದು ಒಪ್ಪಿಕೊಂಡ ಪ್ರಾಮಾಣಿಕತೆಗೆ ಅದು ಸಲ್ಲತಕ್ಕದ್ದು. ಸಿಡಿಬೆಳ್ಳಿಯು ಡಾರ್ಮ್‌ಸ್ಟಾಟಿನ ಸಂತೆಯಲ್ಲಿ ಎಷ್ಟು ಸಲ ಸಿಡಿಯಿತೋ ಲೆಕ್ಕವಿಲ್ಲ. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಪ್ಯಾರಿಸ್ಸಿನ ಒಂದು ಕೊಠಡಿಯಲ್ಲಿ ಅದು ಸಿಡಿಯದೆ ಉಳಿದಾಗ ತನ್ನ ಗುಟ್ಟನ್ನು ಹೇಳಿತು.